ನಡುಗಡಲಲ್ಲಿ ಮೆಷಿನ್ ಕೆಟ್ರೆ ಯಾರನ್ನ ಕೇಳೋದು

ಎಲ್ಲಾ ಕೇಳುಗರಿಗೂ ನಮಸ್ಕಾರ. ಶಿರಾಡಿ ಘಾಟಿ ಇಳಿದ್ರೆ ಮಂಗ್ಳೂರು ಬಂದರು, ನಮ್ ಹಾಸನದ ಕಡೆ ಹುಡುಗ್ರೂ ಮೆಕ್ಯಾನಿಕಲ್ ಮುಗಿಸ್ಕೊಂಡು ಹಡಗಿನ ಕೆಲಸಕ್ಕೆ ಹೋಗ್ತಾರೆ, ಮನೇಲಿ ಅಪ್ಪ ಅಮ್ಮಂಗೆ ಒಂದೇ ಚಿಂತೆ, ನಡುನೀರಲ್ಲಿ ಏನಾದ್ರೂ ಕೆಟ್ರೆ ಇವ್ನು ಏನ್ ಮಾಡ್ತಾನೆ ಅಂತ.

ಈಗ ಹೆಲ್ಮೆಟ್ಟಿಗೆ ಕ್ಯಾಮೆರಾ ಹಾಕ್ಕೊಂಡು ಇಂಜಿನ್ ರೂಮಿಗೆ ಇಳಿದ್ರೆ ದಡದಲ್ಲಿ ಕೂತಿರೋ ಎಕ್ಸ್‌ಪರ್ಟ್ ಅದನ್ನ ಲೈವ್ ನೋಡಿ ಹೇಳ್ಕೊಡ್ತಾರೆ. ಪ್ಯೂರಿಫೈಯರ್ ಅಂತ ಒಂದು ಮೆಷಿನ್ ಇರುತ್ತೆ, ಇಂಜಿನ್ನಿಗೆ ಉರಿಸೋ ದಪ್ಪ ಎಣ್ಣೇನ ಸುಮಾರು 98 ಡಿಗ್ರಿವರ್ಗೂ ಬಿಸಿ ಮಾಡಿ ಗರಗರ ತಿರುಗ್ಸಿ ನೀರು, ಕಸ ಬೇರೆ ಮಾಡೋದು. ಅದ್ರಲ್ಲಿ ಎಣ್ಣೆ ಪೋಲಾಗ್ತಿದೆ ಅಂದ್ರೆ ಎಕ್ಸ್‌ಪರ್ಟ್ ಮೊದ್ಲು ಕೇಳೋದು, ಯಾವ ಕಡೆಯಿಂದ ಹೋಗ್ತಿದೆ ಅಂತ. ನೀರು ಹೊರಗೆ ಹೋಗೋ ದಾರೀಲಿ ಬಂದ್ರೆ ಗ್ರಾವಿಟಿ ಡಿಸ್ಕ್, ಅಂದ್ರೆ ಒಳಗೆ ಎಣ್ಣೆ ನೀರಿನ ಗಡಿ ಎಲ್ಲಿ ನಿಲ್ಬೇಕು ಅಂತ ಹಿಡಿದಿಡೋ ಬಳೆ, ಅದ್ರ ಸೈಜು ತಪ್ಪಿರ್ಬೋದು, ಎಣ್ಣೆ ಬಿಸಿ ಸಾಲ್ದೇ ಇರ್ಬೋದು. ಕಸ ಬೀಳೋ ಕಡೆ ಬಂದ್ರೆ ಬೌಲಿನ, ಅಂದ್ರೆ ಒಳಗೆ ತಿರುಗೋ ಪಾತ್ರೆಯ, ಸೀಲ್ ರಿಂಗ್ ಸವೆದಿರ್ಬೋದು. ಈ ಒಂದು ಉತ್ತರ ಸರಿಯಾಗಿ ಸಿಕ್ರೆ ಸಾಕು, ಸುಮ್ನೆ ಬಿಚ್ಚಿ ಜೋಡ್ಸೋ ಎಷ್ಟೋ ಹೊತ್ತು ಉಳಿಯುತ್ತೆ. ಬಿಚ್ಚೋದೇ ಆದ್ರೆ ಬೌಲ್ ಪೂರ್ತಿ ನಿಂತ ಮೇಲೇನೇ, ಸ್ವಿಚ್ ಆಫ್ ಮಾಡಿದ್ ಮೇಲೂ ಅದು ಬಹಳ ಹೊತ್ತು ತಿರುಗ್ತಾನೇ ಇರುತ್ತೆ.

ನಡುಗಡಲಿಂದ ಈ ವಿಡಿಯೋ, ಮಾತು ಎಲ್ಲಾ ದಡಕ್ಕೆ ಬರೋದು ಸ್ಯಾಟಲೈಟ್ ಮೂಲಕ. ನಮ್ ಹಾಸನದ ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರ ನಿಮಗೆಲ್ಲಾ ಗೊತ್ತು, 1982ರಿಂದ ಅಲ್ಲಿಂದ ನೋಡ್ಕೊಳ್ತಿರೋ ಇನ್ಸಾಟ್, ಜಿಸ್ಯಾಟ್‌ಗಳ ಥರಾನೇ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರೋ ಸ್ಯಾಟಲೈಟ್ ಮೂಲಕ ಹಡಗಿನವರು ಮಾತಾಡಿದ್ರೆ ಪ್ರಶ್ನೆ ಹೋಗಿ ಉತ್ತರ ಬರೋಕೆ ಅರ್ಧ ಸೆಕೆಂಡಾದ್ರೂ ಹಿಡಿಯುತ್ತೆ, ಇಬ್ರೂ ಒಟ್ಟಿಗೆ ಮಾತಾಡಿದ್ರೆ ಎಲ್ಲಾ ಗೋಜಲು. 550 ಕಿಲೋಮೀಟರ್ ಆಸುಪಾಸಲ್ಲಿ ಸುತ್ತೋ, ಇಂಟರ್ನೆಟ್ ಕೊಡೋ ಸ್ಯಾಟಲೈಟ್‌ಗಳಾದ ಸ್ಟಾರ್‌ಲಿಂಕ್ ಅಂಥದ್ರಲ್ಲಿ ಆ ತಡ ತುಂಬಾ ಕಮ್ಮಿ.

ಆದ್ರೆ ಬೇರಿಂಗ್ ಸುಡ್ತಿರೋ ವಾಸನೆ ಕ್ಯಾಮೆರಾಗೆ ಬರಲ್ಲ, ಪೈಪ್ ಮೇಲೆ ಕೈ ಇಟ್ರೆ ಗೊತ್ತಾಗೋ ನಡುಕಾನೂ ಅಷ್ಟೇ. ಅದನ್ನ ಹೇಳೋಕೆ ಅಲ್ಲೊಬ್ಬ ಕೆಲ್ಸ ಗೊತ್ತಿರೋನು ಬೇಕೇ ಬೇಕು, ಹಂಗಾಗಿ ಕ್ಯಾಮೆರಾ ಬಂತಲ್ಲ ಅಂತ ಹಡಗಲ್ಲಿ ಅನುಭವಸ್ಥರನ್ನ ಕಮ್ಮಿ ಮಾಡೋದು ನನ್ ಪ್ರಕಾರ ದೊಡ್ಡ ತಪ್ಪು. ದಡದಿಂದ ಬಿಚ್ಚಿ ಅಂದ್ರೂ ಅಲ್ಲಿ ಅಪಾಯ ಕಂಡ್ರೆ ಬೇಡ ಅನ್ನೋ ಅಧಿಕಾರ ಚೀಫ್ ಇಂಜಿನಿಯರ್ ಕೈಲೇ ಇರ್ಬೇಕು.

ಹೊಸ್ದಾಗಿ ಹೋಗೋ ಹುಡುಗ್ರೇ, ಇಂಜಿನ್ ರೂಮ್ ಸುತ್ತ ಉಕ್ಕಿನ ಗೋಡೆ, ವೈಫೈ ಎಲ್ಲಾ ಮೂಲೆಗೂ ಸಿಗಲ್ಲ, ಎಲ್ಲಿ ಸಿಗುತ್ತೆ ಅಂತ ಮೆಷಿನ್ ಕೆಡೋಕ್ ಮುಂಚೇನೇ ಓಡಾಡಿ ನೋಡಿಟ್ಕೊಳ್ಳಿ. ಮ್ಯಾನ್ಯುಯಲ್ ಡೌನ್‌ಲೋಡ್ ಮಾಡಿಟ್ಕೊಳ್ಳಿ, ಒಂದೊಂದು ಪಾರ್ಟ್ ತೆಗೆಯೋ ಮುಂಚೆ ಫೋಟೋ ತಗೊಳ್ಳಿ, ಆಮೇಲೆ ಸ್ಪ್ಯಾನರ್ ಹಿಡೀರಿ.