ಬೋರ್ಡು ಬದಲಾಯಿಸಿದ್ದಕ್ಕೆ ವ್ಯಾಪಾರ ಏರಿತೇ?

ನಮ್ಮ ಕಾಸರಗೋಡು ಕಡೆಯ ಬದಿಯಡ್ಕ, ಪೆರ್ಲ, ಉಪ್ಪಳ, ಯಾವ ಪೇಟೆಯಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ: "ಹೊಸ ಬೋರ್ಡು ಹಾಕಿಸಿದ ಮೇಲೆ ವ್ಯಾಪಾರ ಚೆನ್ನಾಗಿದೆ." ಹಾಕಿಸಿದ್ದು ಯಾವಾಗ? ಮೇ ತಿಂಗಳ ಕೊನೆಗೆ. ಆಮೇಲಿನ ಎರಡು ವಾರದಲ್ಲಿ ಶಾಲೆ ತೆರೆಯಿತು, ಅಡಿಕೆ ಮಾರಿದವರ ಕೈಯಲ್ಲಿ ದುಡ್ಡು ಓಡಾಡಿತು, ಗಲ್ಫ್‌ನಿಂದ ರಜೆಗೆ ಬಂದವರು ಮನೆಯಲ್ಲಿದ್ದರು. ಇಷ್ಟೂ ಕಾರಣಗಳ ಫಲ ಬೋರ್ಡಿನ ಖಾತೆಗೆ ಜಮೆಯಾಯಿತು. ಬೋರ್ಡಿಗೆ ಹೋದ ದುಡ್ಡು ದೊಡ್ಡದಲ್ಲ. ಅದೇ ನಂಬಿಕೆಯ ಮೇಲೆ ಸಾಲ ಮಾಡಿ ಇನ್ನೊಂದು ಪೇಟೆಯಲ್ಲಿ ಎರಡನೇ ಅಂಗಡಿ ತೆರೆಯುತ್ತಾರಲ್ಲ, ಏಟು ಬೀಳುವುದು ಅಲ್ಲಿ.

ಇದಕ್ಕೆ ಮದ್ದು ಹೈಪಾಥಿಸಿಸ್ ಟೆಸ್ಟಿಂಗ್, ಅಂದರೆ ಊಹೆಯನ್ನು ಒರೆಗೆ ಹಚ್ಚುವುದು. ಕಲಿತವರು ಕಾಲೇಜಿನ ಪರೀಕ್ಷೆ ಮುಗಿದ ಮೇಲೆ ಮರೆತಿರುತ್ತಾರೆ, ಕಲಿಯದವರು ಅದು ವಿಜ್ಞಾನಿಗಳ ಸರಕು ಅಂದುಕೊಂಡಿರುತ್ತಾರೆ. ಆದರೆ ಅದರಲ್ಲಿ ತುಂಬ ಬಳಕೆಯಲ್ಲಿರುವ, ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್ ಹುಟ್ಟಿದ್ದು ಒಂದು ಕಾರ್ಖಾನೆಯ ಕೆಲಸದೊಳಗೆ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪೆನಿಯಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ ಅದನ್ನು 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ. ಅವನಿಗಿದ್ದ ತೊಂದರೆ ನಮ್ಮ ಪೇಟೆಯ ಅಂಗಡಿಯವರದ್ದೇ: ಕೈಯಲ್ಲಿರುವ ಸ್ಯಾಂಪಲ್ ನಾಲ್ಕಾರು, ತೆಗೆದುಕೊಳ್ಳಬೇಕಾದ ನಿರ್ಧಾರ ದೊಡ್ಡದು.

ನಮ್ಮ ಗಡಿನಾಡಿನದೇ ಒಂದು ಪ್ರಶ್ನೆ ತೆಗೆದುಕೊಳ್ಳೋಣ. ಕುಂಬಳೆಯ ಒಂದು ಬಟ್ಟೆ ಅಂಗಡಿ. ಗಿರಾಕಿಗಳಿಗೆ ವಾಟ್ಸಾಪ್ ಸಂದೇಶ ಕನ್ನಡದಲ್ಲಿ ಕಳಿಸಬೇಕೋ ಮಲಯಾಳದಲ್ಲೋ? ಇಲ್ಲಿ ಎಲ್ಲರಿಗೂ ಗಟ್ಟಿ ಅಭಿಪ್ರಾಯ ಇರುತ್ತದೆ, ಲೆಕ್ಕ ಯಾರಲ್ಲೂ ಇರುವುದಿಲ್ಲ. ಎರಡೂ ಲಿಪಿ ಓದಬಲ್ಲ 400 ಗಿರಾಕಿಗಳ ಪಟ್ಟಿ ಇದೆ ಅಂತಿಟ್ಟುಕೊಳ್ಳಿ. ಫೋನ್ ನಂಬರಿನ ಕೊನೆಯ ಅಂಕೆ ಸಮವಾದರೆ ಕನ್ನಡ, ಬೆಸವಾದರೆ ಮಲಯಾಳ. ಸುಮಾರು 200, 200. "ಇವರು ಕನ್ನಡದವರು, ಇವರಿಗೆ ಕನ್ನಡ ಕಳಿಸೋಣ" ಅಂತ ನೀವೇ ಆರಿಸಿದರೆ ಪರೀಕ್ಷೆ ಅಲ್ಲಿಗೇ ಕೆಟ್ಟಿತು. ಆಮೇಲೆ ಕಾಣುವ ವ್ಯತ್ಯಾಸ ಭಾಷೆಯದೋ ಜನರದೋ ಬಿಡಿಸಲಾಗದು. ಒಂದೇ ಮನೆಯಲ್ಲಿ ಎರಡು ನಂಬರ್ ಇದ್ದರೆ ಒಂದನ್ನು ಕೈಬಿಡಿ, ಗಂಡನಿಗೊಂದು ಹೆಂಡತಿಗೊಂದು ಹೋದರೆ ಲೆಕ್ಕ ಕಲಸಿಹೋಗುತ್ತದೆ. ಎರಡೂ ಸಂದೇಶ ಒಂದೇ ದಿನ, ಒಂದೇ ಹೊತ್ತಿಗೆ ಹೋಗಲಿ. ರಿಯಾಯಿತಿಗೆ ಹೇಳಬೇಕಾದ ಗುರುತಿನ ಮಾತು ಮಾತ್ರ ಬೇರೆ ಇರಲಿ: ಒಂದರಲ್ಲಿ 'ಮಲ್ಲಿಗೆ', ಇನ್ನೊಂದರಲ್ಲಿ 'ತಾವರೆ'.

ಒಂದು ಎಚ್ಚರಿಕೆ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹಾಗಂತ "ನೋಡಿದವರಲ್ಲಿ ಎಷ್ಟು ಮಂದಿ ಬಂದರು" ಎಂದು ಎಣಿಸಬೇಡಿ, ನೀಲಿ ಟಿಕ್ ಆಫ್ ಮಾಡಿಟ್ಟವರು ಎಷ್ಟೋ ಮಂದಿ. ಕಳಿಸಿದ 200ರಲ್ಲಿ ಬಂದವರೆಷ್ಟು, ಅಷ್ಟೇ.

ಹತ್ತು ದಿನ ಕಳೆಯಿತು. ಮಲಯಾಳ ಸಂದೇಶಕ್ಕೆ 24 ಮಂದಿ ಬಂದರು, ಕನ್ನಡಕ್ಕೆ 36. ಅಂದರೆ ಶೇ. 12 ಮತ್ತು ಶೇ. 18. ಒಂದೂವರೆ ಪಟ್ಟು! ಇಷ್ಟು ಕಂಡ ಕೂಡಲೇ ಪೇಟೆಯಲ್ಲಿ ತೀರ್ಪು ಹೊರಬೀಳುತ್ತದೆ. ಸ್ವಲ್ಪ ತಡೆಯಿರಿ. ಭಾಷೆಯಿಂದ ಏನೂ ವ್ಯತ್ಯಾಸವಿಲ್ಲ ಅಂತಲೇ ಮೊದಲು ಹಿಡಿಯೋಣ, ಇದನ್ನೇ ನಲ್ ಹೈಪಾಥಿಸಿಸ್ ಎನ್ನುವುದು. ಹಾಗಿದ್ದರೂ ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ನೂರರಲ್ಲಿ ಸುಮಾರು 9 ಸಲ ಬರುತ್ತದೆ. ಆ 0.09 ನಿಮ್ಮ ಪಿ-ವ್ಯಾಲ್ಯೂ. ಇದನ್ನು "ಕನ್ನಡ ಸಂದೇಶ ಗೆಲ್ಲುವುದು ಶೇ. 91 ಖಚಿತ" ಎಂದು ಓದುವವರಿದ್ದಾರೆ. ತಪ್ಪು. ಭಾಷೆಯಿಂದ ವ್ಯತ್ಯಾಸವಿಲ್ಲ ಎಂದು ಹಿಡಿದೇ ಹಾಕಿದ ಲೆಕ್ಕ ಅದು, ವ್ಯತ್ಯಾಸ ಇದೆಯೋ ಇಲ್ಲವೋ ಎಂಬ ಸಾಧ್ಯತೆಯನ್ನು ಅದು ಹೇಳುವುದೇ ಇಲ್ಲ. ಅಂಗಡಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಇನ್ನೊಂದು ಸಂಖ್ಯೆ: ಅಂತರ ಶೇ. 6 ಅಂಶ, ಆಕಸ್ಮಿಕದ ಏರುಪೇರು ಅತ್ತಿತ್ತ ಸುಮಾರು 7. ಅಂದರೆ ಕನ್ನಡ 13 ಅಂಶ ಮುಂದಿದ್ದರೂ ಇರಬಹುದು, 1 ಅಂಶ ಹಿಂದಿದ್ದರೂ ಇರಬಹುದು.

ಪಠ್ಯಪುಸ್ತಕ ಹೇಳುತ್ತದೆ, 0.05ರ ಕೆಳಗೆ ಬರಲಿಲ್ಲ, ಆದ್ದರಿಂದ ಊಹೆ ಸಾಬೀತಾಗಲಿಲ್ಲ. ನನ್ನ ತಕರಾರು ಇರುವುದು ಇಲ್ಲೇ. ಇಪ್ಪತ್ತರಲ್ಲಿ ಒಂದು ಎಂಬ ಆ ಗೆರೆ ಅನುಕೂಲಕ್ಕೆಂದು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಬಳಸಿ ಎಲ್ಲ ಕಡೆ ರೂಢಿಗೆ ಬಂದದ್ದು. ನಿಮ್ಮ ಗಲ್ಲಾಪೆಟ್ಟಿಗೆಯ ಪರಿಚಯ ಅದಕ್ಕಿಲ್ಲ. ತಪ್ಪು ಎರಡು ಬಗೆ: ಇಲ್ಲದ ಲಾಭವನ್ನು ಇದೆ ಎಂದು ನಂಬುವುದು, ಇರುವ ಲಾಭವನ್ನು ಇಲ್ಲ ಎಂದು ಕೈಬಿಡುವುದು. ಇವೆರಡರಲ್ಲಿ ಯಾವುದು ನಿಮಗೆ ದುಬಾರಿ ಎನ್ನುವುದರ ಮೇಲೆ ಗೆರೆ ಎಲ್ಲಿ ಎಂಬುದು ನಿಂತಿದೆ. ಮಾಲೀಕರೇ ಕನ್ನಡದಲ್ಲಿ ಟೈಪ್ ಮಾಡುತ್ತಾರಾದರೆ ಖರ್ಚಿಲ್ಲ, 0.09 ಧಾರಾಳ ಸಾಕು, ನಾಳೆಯಿಂದಲೇ ಕನ್ನಡ ಹೋಗಲಿ. ಅದೇ ಕೆಲಸಕ್ಕೆ ತಿಂಗಳಿಗೆ ಐದು ಸಾವಿರ ಕೊಟ್ಟು ಜನ ಇಡಬೇಕಾದರೆ ಇಷ್ಟು ಸಾಕ್ಷ್ಯ ಸಾಲದು, ಇನ್ನೊಮ್ಮೆ ಪರೀಕ್ಷಿಸಿ. ಅದೇ ಸಂಖ್ಯೆ, ಬೇರೆ ನಿರ್ಧಾರ.

ಈ ಗೆರೆಯನ್ನು ಫಲಿತಾಂಶ ನೋಡುವ ಮೊದಲು ಎಳೆಯಬೇಕು. ನೋಟ್‌ಬುಕ್ಕಿನ ಒಂದು ಪುಟ, ಮೇಲೆ ತಾರೀಕು: ಏನನ್ನು ಎಣಿಸುತ್ತೇನೆ, ಯಾವ ದಿನ ನಿಲ್ಲಿಸುತ್ತೇನೆ, ಎಷ್ಟು ಅಂತರ ಬಂದರೆ ಏನು ಮಾಡುತ್ತೇನೆ. ಸೂತ್ರಕ್ಕಿಂತ ಈ ಪುಟ ಹೆಚ್ಚು ಬೆಲೆಯದ್ದು. ಯಾಕೆಂದರೆ ದಿನಾ ಇಣುಕಿ ನೋಡಿ, ಬೇಕಾದ ಉತ್ತರ ಬಂದ ದಿನ ನಿಲ್ಲಿಸುವ ಆಸೆ ಎಲ್ಲರಿಗೂ ಇರುತ್ತದೆ. ಶೇ. 5 ತಪ್ಪು ಎಂದುಕೊಂಡ ಪರೀಕ್ಷೆಯನ್ನು ನಡುನಡುವೆ 5 ಸಲ ನೋಡಿದರೆ ಸುಳ್ಳು ಗೆಲುವಿನ ಸಾಧ್ಯತೆ ಶೇ. 14ಕ್ಕೆ ಏರುತ್ತದೆ, 10 ಸಲಕ್ಕೆ ಶೇ. 19. ಹಾಗೆಯೇ, ಯಾವ ಪ್ರಯೋಜನವೂ ಇಲ್ಲದ 20 ಉಪಾಯಗಳನ್ನು ಒರೆಗೆ ಹಚ್ಚಿದರೂ ಒಂದಾದರೂ 'ಗೆಲ್ಲುವ' ಸಾಧ್ಯತೆ ಶೇ. 64.

ಇನ್ನು ಎಣಿಕೆ. ನಮ್ಮ ಕಡೆ ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕಗಳಿವೆ. ಹೊಸ ಅಚ್ಚಿನಲ್ಲಿ ತಟ್ಟೆ ಒಡೆಯುವುದು ಕಡಿಮೆ ಎನ್ನುತ್ತಾನೆ ಮಾರುವವನು. ಸೋಮವಾರ ಹಳೆ ಅಚ್ಚಿನಲ್ಲಿ 200, ಮಂಗಳವಾರ ಹೊಸದರಲ್ಲಿ 200 ಒತ್ತಿ ಹೋಲಿಸಿದರೆ ನಿಮ್ಮ ಹತ್ತಿರ 400 ಸಾಕ್ಷಿಗಳಿವೆ ಅನಿಸುತ್ತದೆ. ನಿಜವಾಗಿ ಇರುವುದು ಎರಡೇ: ಸೋಮವಾರದ ಕಟ್ಟು, ಮಂಗಳವಾರದ ಕಟ್ಟು. ಒಂದು ಕಟ್ಟಿನ ಹಾಳೆ ಒಂದೇ ತೋಟದ್ದು, ಒಟ್ಟಿಗೆ ಒಣಗಿದ್ದು, ಒಟ್ಟಿಗೆ ನೆನೆದದ್ದು. ಮಳೆಗೆ ಸಿಕ್ಕಿ ಬೂಸ್ಟು ಹಿಡಿದ ಕಟ್ಟು ಯಾವ ಅಚ್ಚಿಗೆ ಬಂತೋ ಅದಕ್ಕೆ ಕೆಟ್ಟ ಹೆಸರು. ಪ್ರತಿ ಕಟ್ಟನ್ನೂ ಎರಡು ಪಾಲು ಮಾಡಿ, ನಾಣ್ಯ ಚಿಮ್ಮಿ ಒಂದು ಪಾಲು ಹಳೆ ಅಚ್ಚಿಗೆ, ಇನ್ನೊಂದು ಹೊಸದಕ್ಕೆ ಕೊಡಿ. ಹತ್ತು ಕಟ್ಟು ಹೀಗೆ ಮಾಡಿದರೆ ಕಂಪ್ಯೂಟರೇ ಬೇಡ. ಎರಡು ಅಚ್ಚೂ ಸಮಾನವಾಗಿದ್ದರೆ, ಹೊಸದು 8 ಅಥವಾ ಹೆಚ್ಚು ಕಟ್ಟುಗಳಲ್ಲಿ ಗೆಲ್ಲುವುದು 1024ರಲ್ಲಿ 56 ಸಲ, ಅಂದರೆ ನೂರಕ್ಕೆ ಐದೂವರೆ. 9 ಅಥವಾ ಹೆಚ್ಚು ಗೆಲ್ಲುವುದು 1024ರಲ್ಲಿ 11 ಸಲ, ನೂರಕ್ಕೆ ಒಂದು. ಅಚ್ಚಿನ ಬೆಲೆ ನೋಡಿ 8 ಸಾಕೋ 9 ಬೇಕೋ ನೀವೇ ಮೊದಲು ಬರೆದಿಡಿ.

ಎಷ್ಟು ಸ್ಯಾಂಪಲ್ ಬೇಕು ಎಂಬುದಕ್ಕೂ ಕೈಲೆಕ್ಕ ಇದೆ. ನೂರಕ್ಕೆ ಎಷ್ಟು ಮಂದಿ ಬರುತ್ತಾರೆ ಎಂಬುದನ್ನು ದಶಾಂಶದಲ್ಲಿ ಬರೆದು, ಅದನ್ನು 1ರಿಂದ ಕಳೆದಾಗ ಉಳಿದದ್ದರಿಂದ ಗುಣಿಸಿ, ಅದನ್ನು 16ರಿಂದ ಗುಣಿಸಿ, ಪತ್ತೆಹಚ್ಚಬೇಕಾದ ಅಂತರದ ವರ್ಗದಿಂದ ಭಾಗಿಸಿ. ಶೇ. 12 ಮತ್ತು 18ರ ನಡುವೆ ಸರಾಸರಿ 0.15, ಅಂತರ 0.06 ಹಿಡಿದರೆ ಗುಂಪಿಗೆ ಸುಮಾರು 570 ಜನ. ಅಷ್ಟಿದ್ದರೆ, ನಿಜವಾಗಿ ಇರುವ ಅಂತರವನ್ನು ಐದರಲ್ಲಿ ನಾಲ್ಕು ಸಲ ಹಿಡಿಯಬಹುದು. ಕುಂಬಳೆಯ ಲೆಕ್ಕದಲ್ಲಿ ಇದ್ದದ್ದು 200, ಉತ್ತರ ಮಸುಕಾದದ್ದು ಅದಕ್ಕೇ.

ಇದೇ ಸೂತ್ರ ಯಾವುದನ್ನು ಪರೀಕ್ಷಿಸಬಾರದು ಎಂದೂ ಹೇಳುತ್ತದೆ. ದಿನಕ್ಕೆ 40 ಗಿರಾಕಿ ಬರುವ ಹೋಟೆಲು. ಚಹಾದ ಜೊತೆ ಗೋಳಿಬಜೆ ಕೇಳುವವರು ಶೇ. 10ರಿಂದ 11ಕ್ಕೆ ಏರಿದರೋ ಎಂದು ತಿಳಿಯಬೇಕಾದರೆ ಗುಂಪಿಗೆ ಸುಮಾರು 15,000 ಜನ ಬೇಕು. ಎರಡು ಗುಂಪಿಗೆ 30,000, ದಿನಕ್ಕೆ 40ರಂತೆ 750 ದಿನ. ಎರಡು ಮಳೆಗಾಲ ಕಳೆದು ಎಣ್ಣೆಯ ಬೆಲೆಯೂ ಬದಲಾಗಿರುತ್ತದೆ. ಅಷ್ಟು ಸಣ್ಣ ಪ್ರಶ್ನೆ ಬಿಡಿ. ಸಂಜೆ ನಾಲ್ಕಕ್ಕೆ ಬಜೆ ಬಿಸಿಯಾಗಿ ಗಾಜಿನ ಪೆಟ್ಟಿಗೆಯಲ್ಲಿ ಎದುರಿಗೇ ಇದ್ದರೆ ಮಾರಾಟ ಇಮ್ಮಡಿಯಾಗುತ್ತದೆಯೇ ಎಂಬ ದೊಡ್ಡ ಪ್ರಶ್ನೆ ಕೇಳಿ. ಈ ಸೋಮವಾರಕ್ಕೆ ಮುಂದಿನ ಸೋಮವಾರ, ಈ ಶುಕ್ರವಾರಕ್ಕೆ ಮುಂದಿನ ಶುಕ್ರವಾರ ಜೋಡಿ ಮಾಡಿ, ಯಾವ ದಿನ ಪೆಟ್ಟಿಗೆ ಎದುರಿಗೆ ಎಂಬುದನ್ನು ನಾಣ್ಯ ಹೇಳಲಿ. ವಾರಕ್ಕೆ ಐದು ದಿನ ಹಿಡಿದರೆ ಹತ್ತು ಜೋಡಿಗೆ ನಾಲ್ಕು ವಾರ ಸಾಕು.