ಟೊಮೆಟೊ ರೈತರ ವಾಟ್ಸಾಪ್ ಗ್ರೂಪ್: ಜೂನ್‌ನಲ್ಲಿ ಸಿಕ್ಕ ಉತ್ತರ ಸೆಪ್ಟೆಂಬರ್‌ನಲ್ಲೂ ಸಿಗಬೇಕಾದರೆ

(ದೃಶ್ಯ: ಕೋಲಾರ ಎಪಿಎಂಸಿ ಆವರಣ, ಬೆಳಗಿನ ಹೊತ್ತು. ಒಂದರ ಮೇಲೊಂದು ಪೇರಿಸಿದ ಟೊಮೆಟೊ ಬಾಕ್ಸುಗಳು. ನಿಧಾನವಾಗಿ ಒಂದು ಮೊಬೈಲ್ ಪರದೆ ಹತ್ತಿರ ಬರುತ್ತದೆ.)

ಕೋಲಾರ ಜಿಲ್ಲೆಯಲ್ಲಿ ಟೊಮೆಟೊ ಬೆಳೆಯೋ ಊರು ಅಂದ್ರೆ ಅಲ್ಲೊಂದು ವಾಟ್ಸಾಪ್ ಗ್ರೂಪ್ ಇದ್ದೇ ಇರುತ್ತೆ. ಜೂನ್‌ನಲ್ಲಿ ಒಬ್ಬ ರೈತರು ಅಲ್ಲಿ ಕೇಳ್ತಾರೆ ಅಂತಿಟ್ಕೊಳ್ಳಿ: "ಗಿಡ ಹಸಿರಾಗೇ ಇದೆ, ಆದ್ರೆ ಬಾಡಿ ಜೋತುಬಿದ್ದಿದೆ. ಏನಣ್ಣ ಇದು?" ಗೊತ್ತಿರೋರು ಒಬ್ಬರು ಒಳ್ಳೆ ಉತ್ತರ ಕೊಡ್ತಾರೆ. ಎಂಟು ಜನ ಕೈ ಮುಗಿಯೋ ಚಿತ್ರ ಹಾಕ್ತಾರೆ. ಸೆಪ್ಟೆಂಬರ್‌ನಲ್ಲಿ ಇನ್ನೊಬ್ಬರ ತೋಟದಲ್ಲಿ ಅದೇ ಕಾಯಿಲೆ, ಅದೇ ಪ್ರಶ್ನೆ. ಆ ಗೊತ್ತಿರೋರು ಅವತ್ತು ಫೋನ್ ನೋಡಿರಲ್ಲ. ಬೇರೆ ಯಾರೋ ಔಷಧಿ ಡಬ್ಬಿ ಫೋಟೊ ಹಾಕಿ "ಇದನ್ನ ಹೊಡೀರಿ" ಅಂತಾರೆ. ಹೊಡೀತಾರೆ. ಗಿಡ ಉಳಿಯಲ್ಲ.

ಉತ್ತರ ಅದೇ ಗ್ರೂಪಲ್ಲಿ ಇತ್ತು. ಮೂರು ತಿಂಗಳ ಮೆಸೇಜಿನ ಅಡಿಯಲ್ಲಿ ಹೂತುಹೋಗಿತ್ತು.

ಕೋಲಾರದವರಿಗೆ ಇದನ್ನ ಕೆರೆ ಮಾತಲ್ಲಿ ಹೇಳಿದ್ರೆ ಬೇಗ ಹಿಡಿಯುತ್ತೆ. ವರ್ಷಪೂರ್ತಿ ಹರಿಯೋ ನದಿ ಇಲ್ಲದ ಜಿಲ್ಲೆ. ಬಿದ್ದ ಮಳೆಯನ್ನ ಏರಿ ಕಟ್ಟಿ ನಿಲ್ಲಿಸಿ, ತೂಬಿನಿಂದ ಬೇಕಾದಷ್ಟೇ ಬಿಟ್ಕೊಂಡು ಬೆಳೆ ತೆಗೆದ ಊರುಗಳಿವು. ತೂಬು ಎತ್ತೋಕೆ, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ನೋಡೋಕೆ ಒಬ್ಬ ನೀರುಗಂಟಿ ಇರ್ತಿದ್ದ. ವಾಟ್ಸಾಪ್ ಗ್ರೂಪಲ್ಲಿ ಮಳೆ ಧಾರಾಳವಾಗಿದೆ. ಏರಿ ಇಲ್ಲ, ನೀರುಗಂಟಿ ಇಲ್ಲ. ಹೊಸ ಮೆಸೇಜ್ ಬಂದಂತೆ ಹಳೇದು ಮೇಲೆ ಸರಿದು ಕಣ್ಮರೆಯಾಗೋದೇ ಆ ಆ್ಯಪಿನ ರಚನೆ. ಅದನ್ನ ಬಯ್ಯೋದರಲ್ಲಿ ಅರ್ಥ ಇಲ್ಲ, ಮಾತಾಡೋಕೆ ಅಂತ ಮಾಡಿದ್ದು ಅದು. ಏರಿಯನ್ನ ನಾವೇ ಕಟ್ಟಬೇಕು.

(ದೃಶ್ಯ: ಒಂದೇ ಎಲೆಯ ಎರಡು ಫೋಟೊ. ಒಂದು ಮಸುಕು, ಒಂದು ಸ್ಪಷ್ಟ.)

ಮೊದಲು ಪ್ರಶ್ನೆ. ಕೆಟ್ಟ ಉತ್ತರಗಳಲ್ಲಿ ಬಹಳಷ್ಟು ಅರ್ಧಂಬರ್ಧ ಪ್ರಶ್ನೆಯಿಂದ ಹುಟ್ಟಿದವು. ಒಂದು ಎಲೆ ಫೋಟೊ, ಕೆಳಗೆ "ಏನು ಹೊಡೀಬೇಕು?" ಅಂತ ಒಂದು ಸಾಲು. ಇಷ್ಟರಲ್ಲಿ ಕೃಷಿ ವಿಜ್ಞಾನಿ ಕೂಡ ಏನೂ ಹೇಳೋಕಾಗಲ್ಲ.

ಪ್ರಶ್ನೆ ಜೊತೆ ಇರಬೇಕಾದ ಸಂಗತಿಗಳು ಇವು. ಯಾವ ತಳಿ, ನಾಟಿ ಮಾಡಿ ಎಷ್ಟು ದಿನ. ತೊಂದರೆ ಮೊದಲು ಕಂಡಿದ್ದು ಕೆಳಗಿನ ಹಳೇ ಎಲೆಯಲ್ಲೋ, ಕುಡಿಯಲ್ಲೋ. ಅಲ್ಲೊಂದು ಇಲ್ಲೊಂದು ಗಿಡವೋ, ಸಾಲಿಡೀನೋ, ತೋಟವೆಲ್ಲಾನೋ. ಕಳೆದ ಹತ್ತು ದಿನದಲ್ಲಿ ಏನು ಹೊಡೆದಿದ್ದೀರಿ. ಮಳೆ, ಮಂಜು ಇತ್ತಾ. ಫೋಟೊ ಮೂರು ಬೇಕು: ಇಡೀ ಗಿಡ, ಎಲೆಯ ಮೇಲ್ಭಾಗ, ಎಲೆಯ ಹಿಂಭಾಗ. ಹಿಂಭಾಗದ್ದನ್ನೇ ಎಲ್ಲರೂ ಬಿಡ್ತಾರೆ, ಬಿಳಿನೊಣ ಕೂರೋದು ಅಲ್ಲೇ. ಇನ್ನೊಂದು: ಫೋಟೊ ಕಳಿಸುವಾಗ ವಾಟ್ಸಾಪ್ ಅದನ್ನ ಕುಗ್ಗಿಸುತ್ತೆ, ಸಣ್ಣ ಚುಕ್ಕೆಗಳು ಅಳಿಸಿಹೋಗುತ್ತವೆ. ಎಚ್‌ಡಿ ಗುರುತು ಒತ್ತಿ ಕಳಿಸಿ, ಇಲ್ಲವೇ ಫೋಟೊವನ್ನ ಡಾಕ್ಯುಮೆಂಟ್ ಆಗಿ ಕಳಿಸಿ. ಡಾಕ್ಯುಮೆಂಟ್ ಆಗಿ ಹೋದದ್ದು ತೆಗೆದ ಹಾಗೇ ತಲುಪುತ್ತೆ.

ಇಷ್ಟೆಲ್ಲ ಯಾಕೆ ಅಂದ್ರೆ ಮೂರು ಕಾಯಿಲೆಗೆ ಮೂರು ದಾರಿ. ಹಳೇ ಎಲೆಯಲ್ಲಿ ಉಂಗುರದೊಳಗೆ ಉಂಗುರ ಇರೋ ಕಂದು ಚುಕ್ಕೆ ಕಂಡ್ರೆ ಅದು ಅಂಗಮಾರಿ ರೋಗ, ಶಿಲೀಂಧ್ರದಿಂದ ಬರೋದು, ಶಿಲೀಂಧ್ರನಾಶಕಕ್ಕೆ ಬಗ್ಗುತ್ತೆ. ಕುಡಿ ಎಲೆ ಮುದುಡಿ ಚಿಕ್ಕದಾಗಿ ಗಿಡ ಕುಳ್ಳಾದ್ರೆ ಅದು ಬಿಳಿನೊಣ ಹರಡೋ ವೈರಸ್. ಅಂಟಿದ ಗಿಡಕ್ಕೆ ಮದ್ದಿಲ್ಲ, ಬೇಗ ಕಿತ್ತು ನೊಣವನ್ನ ತಡೀಬೇಕು. ಹಸಿರಾಗಿದ್ದಂತೇ ಗಿಡ ದಿಢೀರ್ ಬಾಡಿದ್ರೆ ಬ್ಯಾಕ್ಟೀರಿಯಾ ಸೊರಗು ಇರಬಹುದು. ಅದಕ್ಕೆ ಶಿಲೀಂಧ್ರನಾಶಕ ಹೊಡೆದ್ರೆ ಹೋಗೋದು ದುಡ್ಡು ಮಾತ್ರ.

(ದೃಶ್ಯ: ಗಾಜಿನ ಲೋಟ, ತಿಳಿ ನೀರು, ಕತ್ತರಿಸಿದ ಕಾಂಡ.)

ಇದಕ್ಕೆ ತೋಟದಲ್ಲೇ ಮಾಡೋ ಪರೀಕ್ಷೆ ಇದೆ, ಯಾವ ಫೋಟೊಗಿಂತಲೂ ನಂಬಿಕೆಗೆ ಅರ್ಹವಾದದ್ದು. ಬಾಡಿದ ಗಿಡದ ಕಾಂಡವನ್ನ ಬುಡದ ಹತ್ತಿರ ಕತ್ತರಿಸಿ. ಕತ್ತರಿಸಿದ ತುದಿ ತಿಳಿ ನೀರಿನ ಲೋಟದಲ್ಲಿ ಮುಳುಗೋ ಹಾಗೆ ಅಲ್ಲಾಡಿಸದೆ ಹಿಡೀರಿ. ಕೆಲವೇ ನಿಮಿಷದಲ್ಲಿ ತುದಿಯಿಂದ ಹಾಲಿನಂಥ ಬಿಳಿ ಎಳೆ ಇಳಿದ್ರೆ ಅದು ಬ್ಯಾಕ್ಟೀರಿಯಾ ಸೊರಗು. ಆ ಗಿಡವನ್ನ ಬೇರು ಸಮೇತ ತೆಗೀರಿ, ಆ ಸಾಲಿನ ನೀರು ಬೇರೆ ಸಾಲಿಗೆ ಹರಿಯದ ಹಾಗೆ ನೋಡ್ಕೊಳ್ಳಿ, ಮುಂದಿನ ಬೆಳೆಗೆ ರಾಗಿ, ಜೋಳದ ಕಡೆ ಹೋಗಿ. ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಟೊಮೆಟೊ ಕುಟುಂಬದವೇ, ರೋಗ ಅಲ್ಲೂ ಕೂರುತ್ತೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ನಾನೀಗ ಹೇಳಿದ ಈ ಮೂರೂ ರೋಗಗಳನ್ನ ತಡೆಯೋ ಗುಣ ಇದೆ. ಗ್ರೂಪಲ್ಲಿ ಈ ಲೋಟದ ಫೋಟೊ ಹಾಕಿದ್ರೆ ವಾದ ಅಲ್ಲಿಗೇ ಮುಗಿಯುತ್ತೆ.

ಈಗ ಉತ್ತರ ಕೊಡೋರ ಕಡೆಗೆ. ಅಲ್ಲಿ ಆಗೋ ದೊಡ್ಡ ಅನಾಹುತ ಅಳತೆಯದ್ದು. "2 ಗ್ರಾಂ ಹಾಕಿ" ಅಂತ ಬರೀತಾರೆ. ಯಾವುದಕ್ಕೆ 2 ಗ್ರಾಂ? ಲೀಟರಿಗೆ 2 ಗ್ರಾಂ ಅಂದ್ರೆ 16 ಲೀಟರ್ ಬೆನ್ನಿನ ಟ್ಯಾಂಕಿಗೆ 32 ಗ್ರಾಂ, 200 ಲೀಟರ್ ಡ್ರಮ್ಮಿಗೆ 400 ಗ್ರಾಂ. ಒಬ್ಬರು ಟ್ಯಾಂಕಿನ ಲೆಕ್ಕದಲ್ಲಿ ಬರೆದಿದ್ದನ್ನ ಇನ್ನೊಬ್ಬರು ಲೀಟರಿನ ಲೆಕ್ಕ ಅಂದ್ಕೊಂಡ್ರೆ ಹದಿನಾರು ಪಟ್ಟು ಔಷಧಿ ಬೀಳುತ್ತೆ, ಎಲೆ ಸುಡುತ್ತೆ. ತಿರುಗಾಮುರುಗಾ ಆದ್ರೆ ಕೀಟ ಸಾಯಲ್ಲ. ಹಾಗಾಗಿ ಗ್ರೂಪಿಗೆ ಒಂದೇ ಕಟ್ಟಳೆ ಮಾಡಿ: ಅಳತೆ ಯಾವಾಗಲೂ "ಒಂದು ಲೀಟರ್ ನೀರಿಗೆ" ಅಂತಲೇ ಬರೀಬೇಕು. ಕಂಪನಿ ಹೆಸರಿನ ಬದಲು ಡಬ್ಬಿ ಮೇಲಿರೋ ಔಷಧಿಯ ಮೂಲ ಹೆಸರು, ಅದರ ಶೇಕಡಾವಾರು ಬರೀಬೇಕು. ಹೊಡೆದ ಮೇಲೆ ಎಷ್ಟು ದಿನ ಕಾಯಿ ಕೀಳಬಾರದು ಅನ್ನೋದೂ ಲೇಬಲ್ ಮೇಲೇ ಇರುತ್ತೆ, ಅದನ್ನೂ ಸೇರಿಸಿ. ಗೊಬ್ಬರದಂಗಡಿಯವರು ಗ್ರೂಪಲ್ಲಿರೋದು ಒಳ್ಳೇದೇ, ಅವರಿಗೆ ಹತ್ತೂರಿನ ತೋಟಗಳ ಸುದ್ದಿ ಗೊತ್ತಿರುತ್ತೆ. ಆದ್ರೆ ಮಾರೋರು ಅನ್ನೋದು ಎಲ್ಲರಿಗೂ ಕಾಣಬೇಕು: ಹೆಸರಿನ ಪಕ್ಕ "ಅಂಗಡಿ" ಅಂತ ಹಾಕ್ಕೊಳ್ಳಲಿ.

(ದೃಶ್ಯ: ಪರದೆ ಮೇಲೆ ಒಂದು ರೇಟಿನ ಮೆಸೇಜ್: "ಇವತ್ತು 600". ಪಕ್ಕದಲ್ಲಿ ದೊಡ್ಡ ಪ್ರಶ್ನಾರ್ಥಕ ಚಿಹ್ನೆ.)

ರೇಟಿನ ಮೆಸೇಜಲ್ಲೂ ಇದೇ ಗೋಳು. "ಇವತ್ತು 600." ಯಾವತ್ತು, ಯಾವ ಮಂಡಿ, ಎಷ್ಟು ಕೆಜಿಗೆ, ಯಾವ ದರ್ಜೆಗೆ? ಕೋಲಾರದಲ್ಲಿ ಮಾತಾಡೋದು 15 ಕೆಜಿ ಬಾಕ್ಸಿನ ಲೆಕ್ಕದಲ್ಲಿ. ಗಡಿಯಾಚೆ ಆಂಧ್ರದ ಮಂಡಿಗಳ ಕ್ರೇಟಿನ ತೂಕ ಇದೇ ಇರಬೇಕು ಅಂತೇನಿಲ್ಲ. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಜಾಲತಾಣ ಕ್ವಿಂಟಾಲ್ ಲೆಕ್ಕದಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ಬೆಲೆ ಕೊಡುತ್ತೆ. ಬಾಕ್ಸಿನ ಬೆಲೆಯನ್ನ 15ರಿಂದ ಭಾಗಿಸಿ 100ರಿಂದ ಗುಣಿಸಿ: 300 ರೂಪಾಯಿ ಬಾಕ್ಸ್ ಅಂದ್ರೆ ಕೆಜಿಗೆ 20, ಕ್ವಿಂಟಾಲಿಗೆ 2,000. ಹೋಲಿಸಬೇಕಾದ್ದು ಮಾದರಿ ಬೆಲೆಯನ್ನ, ಅಂದ್ರೆ ಹೆಚ್ಚು ಮಾಲು ಮಾರಾಟವಾದ ಬೆಲೆಯನ್ನ. ಗ್ರೂಪಲ್ಲಿ ಓಡಾಡೋದು ಸಾಮಾನ್ಯವಾಗಿ ಅತಿ ಹೆಚ್ಚಿನ ಬೆಲೆ, ಅವತ್ತು ಬೆರಳೆಣಿಕೆ ಬಾಕ್ಸಿಗೆ ಬಿದ್ದ ಬೆಲೆ. ಅದನ್ನ ನಂಬಿ ಕೊಯ್ಲು ಮುಂದಕ್ಕೆ ಹಾಕಿದ್ರೆ ಕಾಯಿ ಕೆಂಪಾಗಿ ದೂರದ ಲಾರಿಗೆ ಆಗಲ್ಲ.

ತಾರೀಖು ಇಲ್ಲದ ಫೋಟೊ ಇನ್ನೂ ಅಪಾಯ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆಗಿನ ಚೀಟಿಯ ಫೋಟೊ ಇವತ್ತು ಯಾರಾದ್ರೂ ಹಾಕಿದ್ರೆ ಇವತ್ತಿನದೇ ಅನ್ನಿಸುತ್ತೆ. ಮೆಸೇಜ್ ಮೇಲೆ ಎರಡು ಬಾಣದ ಗುರುತು ಕಂಡ್ರೆ ನಿಲ್ಲಿ: ಅದು ಕನಿಷ್ಠ ಐದು ಕೈ ದಾಟಿ ಬಂದ ಮೆಸೇಜ್, ಮೂಲ ಯಾರು ಅಂತ ಕಳಿಸಿದವರಿಗೂ ಗೊತ್ತಿರಲ್ಲ. ಅಂಥದ್ದನ್ನ ವಾಟ್ಸಾಪ್ ಒಮ್ಮೆಗೆ ಒಂದೇ ಕಡೆ ಕಳಿಸೋಕೆ ಬಿಡೋದೂ ಇದೇ ಕಾರಣಕ್ಕೆ.

ಗ್ರೂಪಲ್ಲಿ ಯಾರೂ ಮಾತಾಡಲ್ಲ ಅಂತ ಅಡ್ಮಿನ್‌ಗಳು ಬೇಜಾರು ಮಾಡ್ಕೊಳ್ಳೋದುಂಟು. ಆನ್‌ಲೈನ್ ಗುಂಪುಗಳ ಬಗ್ಗೆ ಜಾಲತಾಣ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 2006ರಲ್ಲಿ ಬರೆದ ಒಂದು ಅಂದಾಜಿದೆ: ನೂರರಲ್ಲಿ 90 ಜನ ಬರೀ ಓದ್ತಾರೆ, 9 ಜನ ಆಗೀಗ ಬರೀತಾರೆ, ಒಬ್ಬರು ಮಾತ್ರ ಯಾವಾಗಲೂ ಬರೀತಾರೆ. 200 ಜನರ ಗ್ರೂಪಲ್ಲಿ ಅದು 180, 18, 2. ಹಾಗಾಗಿ ಮೌನ ಅಂದ್ರೆ ಉದಾಸೀನ ಅಲ್ಲ. ಆದ್ರೆ ಆ 180 ಜನರಲ್ಲೇ ಮೂವತ್ತು ವರ್ಷ ಟೊಮೆಟೊ ಬೆಳೆದವರೂ ಇರ್ತಾರೆ. ಕನ್ನಡ ಟೈಪ್ ಮಾಡೋಕೆ ಬರಲ್ಲ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು, ತಪ್ಪು ಬರೆದ್ರೆ ನಗ್ತಾರೇನೋ ಅನ್ನೋ ಸಂಕೋಚ. ಅವರಿಂದ ಧ್ವನಿ ಮೆಸೇಜ್ ಕೇಳಿ, ತೆಲುಗಲ್ಲೇ ಇರಲಿ. ಧ್ವನಿಯೊಳಗಿನ ಮಾತನ್ನ ಹುಡುಕೋಕಾಗಲ್ಲ, ಅದಕ್ಕೆ ಅಡ್ಮಿನ್ ಆ ಮೆಸೇಜಿಗೆ ಉತ್ತರವಾಗಿ ಒಂದು ಸಾಲಿನ ಸಾರಾಂಶ ಕನ್ನಡದಲ್ಲಿ ಟೈಪ್ ಮಾಡಲಿ. ಫೋನಿನ ಕನ್ನಡ ಕೀಲಿಮಣೆಯಲ್ಲಿ ಮೈಕ್ ಒತ್ತಿ ಹೇಳಿದ್ರೆ ತಾನೇ ಬರೀತದೆ.

(ದೃಶ್ಯ: ಮೊಬೈಲಲ್ಲಿ ಗೂಗಲ್ ಫಾರ್ಮ್ ತೆರೆಯುತ್ತದೆ. ಒಂದೊಂದೇ ಪ್ರಶ್ನೆ ಕಾಣುತ್ತದೆ.)

ಇನ್ನು ಏರಿ ಕಟ್ಟೋ, ಅಂದ್ರೆ ಉತ್ತರಗಳನ್ನ ಕೂಡಿಡೋ ಕೆಲಸ. ಒಂದು ಗೂಗಲ್ ಫಾರ್ಮ್ ಮಾಡಿ, ಅದಕ್ಕೆ ಗೂಗಲ್ ಶೀಟ್ ಜೋಡಿಸಿ. ದುಡ್ಡು ಬೇಕಿಲ್ಲ. ಪ್ರಶ್ನೆ ಎಂಟು ಸಾಕು: ತಾರೀಖು, ಊರು, ತಳಿ, ನಾಟಿಯಾದ ದಿನ, ಕಂಡ ಲಕ್ಷಣ, ಏನು ಅಂತ ಗೊತ್ತಾಯ್ತು, ಏನು ಮಾಡಿದ್ರು, ಹದಿನೈದು ದಿನದ ಮೇಲೆ ಏನಾಯ್ತು. ಕೊನೇ ಪ್ರಶ್ನೆಗೇ ಬೆಲೆ ಜಾಸ್ತಿ. ಗ್ರೂಪಲ್ಲಿ ಸಲಹೆ ಸಿಗುತ್ತೆ, ಅದು ಕೆಲಸ ಮಾಡ್ತೋ ಇಲ್ವೋ ಅಂತ ವಾಪಸ್ ಬಂದು ಯಾರೂ ಹೇಳಲ್ಲ. ಕೇಳಿದವರಿಗೆ ಹದಿನೈದನೇ ದಿನ ಒಂದು ಫೋನ್ ಮಾಡೋದು ಗ್ರೂಪಿನ ನೀರುಗಂಟಿಯ ಕೆಲಸ. ಆ ಕೆಲಸವನ್ನ ತಿಂಗಳಿಗೊಬ್ಬರಂತೆ ಸರದಿ ಮೇಲೆ ಹಂಚ್ಕೊಳ್ಳಿ, ಒಬ್ಬರ ತಲೆಗೇ ಕಟ್ಟಿದ್ರೆ ಎರಡು ತಿಂಗಳಲ್ಲಿ ನಿಂತುಹೋಗುತ್ತೆ.

ಫಾರ್ಮ್ ತುಂಬೋದು ರೈತರಲ್ಲ, ಆ ತಿಂಗಳ ನೀರುಗಂಟಿ. ಎಲ್ಲರಿಂದಲೂ ತುಂಬಿಸ್ತೀವಿ ಅಂತ ಹೊರಟ ಪ್ರಯತ್ನ ಸಾಮಾನ್ಯವಾಗಿ ಮೊದಲ ವಾರಕ್ಕೇ ಸೋಲುತ್ತೆ.

ಕನ್ನಡದಲ್ಲೇ ಇರೋ ಒಂದು ತೊಡಕನ್ನ ಇಲ್ಲಿ ಬಿಡಿಸಿ ಹೇಳಬೇಕು. ಟೊಮೆಟೊ, ಟೊಮ್ಯಾಟೊ, ಟೊಮಾಟೊ, ಟಮಾಟ. ನಮ್ಮ ಕಣ್ಣಿಗೆ ನಾಲ್ಕೂ ಒಂದೇ, ಶೀಟಿನ ಹುಡುಕಾಟಕ್ಕೆ ನಾಲ್ಕು ಬೇರೆ ಬೇರೆ ಪದ. "ಬಿಳಿನೊಣ" ಅಂತ ಹುಡುಕಿದ್ರೆ ನಡುವೆ ಜಾಗ ಬಿಟ್ಟು ಬರೆದ "ಬಿಳಿ ನೊಣ" ಸಿಗಲ್ಲ. ಅದಕ್ಕೆ ರೋಗ, ಕೀಟ, ತಳಿಗಳ ಹೆಸರನ್ನ ಟೈಪ್ ಮಾಡೋಕೆ ಬಿಡಬೇಡಿ. ಫಾರ್ಮಿನಲ್ಲಿ ಡ್ರಾಪ್‌ಡೌನ್ ಇಟ್ಟು ಪಟ್ಟಿಯಿಂದ ಆರಿಸೋ ಹಾಗೆ ಮಾಡಿ. "ಗೊತ್ತಾಗಿಲ್ಲ" ಅನ್ನೋದೂ ಪಟ್ಟಿಯಲ್ಲಿ ಇರಲೇಬೇಕು, ಇಲ್ಲದಿದ್ರೆ ಜನ ಏನೋ ಒಂದನ್ನ ಆರಿಸಿ ಮುಂದೆ ಹೋಗ್ತಾರೆ. ಹಳೇ ಕೈಪಿಡಿಗಳನ್ನ ಸೇರಿಸೋದಾದ್ರೆ ಅವು ಯೂನಿಕೋಡ್‌ನಲ್ಲಿ, ಅಂದ್ರೆ ಎಲ್ಲಾ ಫೋನಲ್ಲೂ ಕನ್ನಡವಾಗೇ ಕಾಣೋ ಅಕ್ಷರ ವ್ಯವಸ್ಥೆಯಲ್ಲಿ ಇವೆಯಾ ನೋಡಿ. ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಒಳಗೆ ಇಂಗ್ಲಿಷ್ ಅಕ್ಷರವಾಗೇ ಕೂತಿರುತ್ತೆ. ಫಾಂಟ್ ಇಲ್ಲದ ಫೋನಲ್ಲಿ ಚಿತ್ರವಿಚಿತ್ರ ಗುರುತುಗಳಾಗಿ ಕಾಣುತ್ತೆ, ಕನ್ನಡದಲ್ಲಿ ಹುಡುಕಿದ್ರೆ ಸಿಗಲ್ಲ. ಪರಿವರ್ತಕದಿಂದ ಯೂನಿಕೋಡಿಗೆ ತಂದು, ಒತ್ತಕ್ಷರ ಮತ್ತು ಅರ್ಕಾವೊತ್ತು ಸರಿ ಬಂದಿವೆಯಾ ಕಣ್ಣಲ್ಲಿ ನೋಡಿಯೇ ಸೇರಿಸಿ.

ಶೀಟಿನ ಕೊಂಡಿಯನ್ನ ಗ್ರೂಪಿನಲ್ಲಿ ಪಿನ್ ಮಾಡಿ. ಪಿನ್ ಹೆಚ್ಚೆಂದ್ರೆ 30 ದಿನ ಇರುತ್ತೆ, ಆಮೇಲೆ ಮತ್ತೆ ಮಾಡಬೇಕು. ಗ್ರೂಪಿನ ವಿವರಣೆಯಲ್ಲೂ ಹಾಕಿ, ಅಲ್ಲಿ ಹಾಗೇ ಉಳಿಯುತ್ತೆ. ಕೊಂಡಿ ಸಿಕ್ಕವರು ನೋಡಬಹುದು, ತಿದ್ದೋಕಾಗಬಾರದು, ಹಾಗೆ ಅನುಮತಿ ಇಡಿ. ಫೋನ್ ನಂಬರ್, ಪಹಣಿ, ಆಧಾರ್ ಫೋಟೊ ಆ ಶೀಟಿಗೂ ಬೇಡ, ಗ್ರೂಪಿಗೂ ಬೇಡ. ಸಬ್ಸಿಡಿ ಹೆಸರಲ್ಲಿ ಎಪಿಕೆ (.apk) ಅಂತ ಕೊನೆಯಾಗೋ ಫೈಲ್ ಬಂದ್ರೆ ಅದು ಫೋನಿಗೆ ಮೋಸದ ಆ್ಯಪ್ ಹಾಕೋ ಫೈಲ್ ಇರಬಹುದು, ಅಡ್ಮಿನ್ ತಕ್ಷಣ ಅಳಿಸಬೇಕು. ಒತ್ತಿ ದುಡ್ಡು ಹೋಗಿದ್ರೆ ಒಂದು ಗಳಿಗೆಯೂ ಕಾಯದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ವಿಡಿಯೋ ನೋಡಿ ಕಲಿಯೋದರ ಬಗ್ಗೆ ಒಂದು ಮಾತು, ಈ ವಿಡಿಯೋಗೂ ಅನ್ವಯ. ನೋಡುವಾಗ ಎಲ್ಲಾ ಅರ್ಥವಾದಂತೆ ಅನ್ನಿಸುತ್ತೆ. ರೋಡಿಗರ್ ಮತ್ತು ಕಾರ್ಪಿಕ್ ಅನ್ನೋ ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ಒಂದು ಗುಂಪು ಪಾಠವನ್ನ ಎರಡು ಸಲ ಓದಿತು, ಇನ್ನೊಂದು ಗುಂಪು ಒಂದು ಸಲ ಓದಿ, ಪಾಠ ಮುಚ್ಚಿಟ್ಟು ನೆನಪಿದ್ದನ್ನ ಬರೆಯಿತು. ಐದು ನಿಮಿಷದ ನಂತರ ಎರಡು ಸಲ ಓದಿದವರೇ ಮುಂದೆ. ಒಂದು ವಾರದ ನಂತರ ಓದಿದವರಿಗೆ ಉಳಿದಿದ್ದು ಶೇ. 42ರಷ್ಟು, ಬರೆದವರಿಗೆ ಶೇ. 56ರಷ್ಟು. ಹಾಗಾಗಿ ಸಾಲು ಕಟ್ಟುವ, ಔಷಧಿ ಬೆರೆಸುವ ವಿಡಿಯೋ ನೋಡಿದ ಮೇಲೆ ಫೋನ್ ಕೆಳಗಿಟ್ಟು, ಹಂತಗಳನ್ನ ಮನೆಯವರಿಗೆ ಬಾಯಲ್ಲಿ ಹೇಳಿ. ಎಲ್ಲಿ ತಡವರಿಸ್ತೀರೋ ಆ ಜಾಗವನ್ನ ಮಾತ್ರ ಮತ್ತೆ ನೋಡಿ. ಗ್ರೂಪಲ್ಲೂ ವಾರಕ್ಕೊಂದು ಹಳೇ ಫೋಟೊ ಹಾಕಿ "ಇದು ಏನು?" ಅಂತ ಕೇಳಿ, ಉತ್ತರ ಸಂಜೆ ಕೊಡಿ.

ಶೀಟಿನಲ್ಲೂ ಇಲ್ಲದ ಹೊಸ ಲಕ್ಷಣ ಕಂಡ್ರೆ ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ಗಿಡದ ಮಾದರಿ ಒಯ್ಯಿರಿ, ಅಥವಾ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಮಾಡಿ, ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಮಾತಾಡಬಹುದು. ಬಂದ ಉತ್ತರವೂ ಶೀಟಿಗೆ ಹೋಗಲಿ.

(ದೃಶ್ಯ: ಊರಿನ ಹಾಲಿನ ಡೈರಿ, ಸಂಜೆ. ಕ್ಯಾನ್ ಹಿಡಿದು ನಿಂತ ಜನ. ಗೋಡೆ ಮೇಲೊಂದು ಹಾಳೆ.)

ಕೊನೆಗೆ, ಆ ಶೀಟ್ ಯಾರ ಹೆಸರಲ್ಲಿದೆ? ಊರಿನ ಯಾರೋ ಹುಡುಗ ತನ್ನ ಖಾತೆಯಲ್ಲಿ ಮಾಡಿಕೊಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋದ ಅಂದ್ರೆ ಫೈಲೂ ಅವನ ಜೊತೆಗೇ ಹೋದಂತೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನ ಗೂಗಲ್ ಅಳಿಸಬಹುದು. ಗ್ರೂಪಿನ ಹೆಸರಲ್ಲೇ ಒಂದು ಖಾತೆ ತೆರೆದು, ಪಾಸ್‌ವರ್ಡನ್ನ ಇಬ್ಬರು ಇಟ್ಕೊಳ್ಳಿ, ಫೈಲಿನ ಒಡೆತನವನ್ನ ಅದಕ್ಕೆ ವರ್ಗಾಯಿಸಿ. ಆ ಖಾತೆಯಿಂದ ಒಪ್ಪಿಗೆ ಕೊಟ್ಟ ಮೇಲೇ ವರ್ಗಾವಣೆ ಮುಗಿಯೋದು. ಪ್ರತಿ ಬೆಳೆ ಮುಗಿದಾಗ ಶೀಟಿನಿಂದ ಆ ಸಲದ ಮುಖ್ಯ ಹತ್ತು ಸಾಲು ಆರಿಸಿ, ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಹಾಲಿನ ಡೈರಿ ಗೋಡೆಗೆ ಅಂಟಿಸಿ. ಸ್ಮಾರ್ಟ್‌ಫೋನ್ ಇಲ್ಲದವರೂ ಬೆಳಗ್ಗೆ, ಸಂಜೆ ಅಲ್ಲಿಗೆ ಬಂದೇ ಬರ್ತಾರೆ, ಹಾಲು ಅಳೆಯೋವರೆಗೆ ನಿಂತು ಓದ್ತಾರೆ. ಹಾಳೆಯ ಕೆಳಗೆ ಆ ತಿಂಗಳ ನೀರುಗಂಟಿ ಯಾರು ಅಂತ ಬರೆದಿರಲಿ.