ತಂತಿಗೆ ಚುಚ್ಚಿದ ಕಾರ್ಡುಗಳು

ಅಂಚೆ ಕಾರ್ಡಿನ ಸರೀ ನಡುವೆ ಈ ತೂತು ಕಾಣ್ತಾ ಉಂಟಲ್ಲ? ಕ್ಯಾಮರಾ ಇನ್ನೂ ಸ್ವಲ್ಪ ಹತ್ತಿರ ತರ್ತೇನೆ. ಸುತ್ತ ಕಂದು ಉಂಗುರ, ತುಕ್ಕಿನದ್ದು. ನಮ್ಮ ಕಡೆಯ ಹಳೇ ಮನೆಗಳಲ್ಲಿ ಬಂದ ಕಾಗದವನ್ನು ಓದಿ ಆದ ಮೇಲೆ, ಕೊಕ್ಕೆಯ ಹಾಗೆ ಬಗ್ಗಿಸಿದ ತಂತಿಗೆ ಚುಚ್ಚಿ ನೇತು ಹಾಕ್ತಿದ್ದರು. ಉಡುಪಿಯಲ್ಲಿ ದೊಡ್ಡಮ್ಮನ ಮನೆಯ ಅಟ್ಟದಲ್ಲಿ ಅಂಥ ಎರಡು ತಂತಿ ಸಿಕ್ಕಿತು. ಎರಡನ್ನೂ ಮಂಗಳೂರಿಗೆ ತಂದೆ.

ಮಾರುವವರು ತೂತು ಬಿದ್ದ ಕಾರ್ಡಿಗೆ ಬೆಲೆ ಕಡಿಮೆ ಹೇಳ್ತಾರೆ. ನನಗದು ಒಪ್ಪಿಗೆ ಇಲ್ಲ. ತೂತು ಉಂಟಾದರೆ ಆ ಕಾರ್ಡು ಒಂದು ಮನೆಯಲ್ಲಿ ಬಾಳಿದೆ.

ಅಂಚೆ ಕಾರ್ಡು ಶುರುವಾದದ್ದು 1869ರ ಅಕ್ಟೋಬರ್ 1ಕ್ಕೆ, ಆಸ್ಟ್ರಿಯಾ-ಹಂಗೆರಿಯಲ್ಲಿ. ನಾಲ್ಕು ಸಾಲಿನ ಸಮಾಚಾರಕ್ಕೆ ಲಕೋಟೆ, ಪೂರ್ತಿ ಅಂಚೆ ದರ ಯಾಕೆ ಅಂತ ಎಮಾನುಯೆಲ್ ಹೆರ್ಮನ್ ಎಂಬ ಅರ್ಥಶಾಸ್ತ್ರದ ಮೇಷ್ಟ್ರು ಕೇಳಿದ್ದರು. ನಮ್ಮಲ್ಲಿಗೆ ಬಂದದ್ದು 1879ರ ಜುಲೈ 1ಕ್ಕೆ. ಬೆಲೆ ಕಾಲಾಣೆ, ಅಂದರೆ ಒಂದು ರೂಪಾಯಿಗೆ 64 ಕಾರ್ಡು! ಜುಲೈ 1 ಮಂಗಳೂರಿಗೆ ಮೊದಲೇ ದೊಡ್ಡ ದಿನ. 1843ರ ಅದೇ ತಾರೀಕಿಗೆ ಹೆರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ ಇಲ್ಲಿಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ್ದು.

ಚಿತ್ರದ ಕಾರ್ಡು ಕೈಗೆ ಬಂದರೆ ನಾನು ಮೊದಲು ತಿರುಗಿಸಿ ನೋಡ್ತೇನೆ. ಹಿಂದೆ ನಡುವಿಗೆ ಗೆರೆ ಇಲ್ಲದಿದ್ದರೆ ಬಹಳ ಹಳೆಯದು. ಆಗ ಆ ಬದಿಯಲ್ಲಿ ವಿಳಾಸ ಮಾತ್ರ; ಹೇಳುವುದನ್ನೆಲ್ಲ ಚಿತ್ರದ ಪಕ್ಕದಲ್ಲೇ ತುರುಕಬೇಕಿತ್ತು. ಗೆರೆ ಹಾಕಿ ಅರ್ಧ ಜಾಗ ಬರವಣಿಗೆಗೆ ಬಿಟ್ಟದ್ದು ಬ್ರಿಟನ್‌ನಲ್ಲಿ 1902ಕ್ಕೆ. ಮತ್ತೆ ಭೂತಗನ್ನಡಿ. ಸಾಲು ಸಾಲು ಚುಕ್ಕಿ ಕಂಡರೆ ಅಚ್ಚಿನದ್ದು, ಚುಕ್ಕಿಯೇ ಇಲ್ಲದಿದ್ದರೆ ನಿಜವಾದ ಫೋಟೋ ಇರಬಹುದು.

ಆದರೆ ನನ್ನ ಜೀವ ಇರುವುದು ಚಿತ್ರವಿಲ್ಲದ ಈ ಸಾದಾ ಕಾರ್ಡುಗಳಲ್ಲಿ. ಇದು ಬೊಂಬಾಯಿಯಿಂದ ಬಂದದ್ದು. ಮೂಲೆಯಲ್ಲಿ ಆರನೇ ಜಾರ್ಜ್ ದೊರೆಯ ತಲೆ. ವಿಳಾಸದಲ್ಲಿ 'ಉಡುಪಿ, ಸೌತ್ ಕೆನರಾ'. ನಾವಾಗ ಮದ್ರಾಸಿಗೆ ಸೇರಿದವರು. ಪಿನ್‌ಕೋಡ್ ಇಲ್ಲ, ಅದು ಬಂದದ್ದೇ 1972ಕ್ಕೆ. ಬರೆದವರು ಹೋಟೆಲಿನಲ್ಲಿ ಕೆಲಸಕ್ಕಿದ್ದ ಹುಡುಗ. 'ತೀರ್ಥರೂಪರವರಿಗೆ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ.' ಅದೇ ಕಾಲು ಭಾಗ ತಿಂದಿದೆ. ಮತ್ತೆ 'ಮನಿಯಾರ್ಡರ್ ಮಾಡಿದ್ದೇನೆ, ಸಿಕ್ಕಿದ ಬಗ್ಗೆ ಬರೆಯಬೇಕು.' ಕೆಳಗೆ ಬರ್ತಾ ಬರ್ತಾ ಅಕ್ಷರ ಸಾಸಿವೆಯಷ್ಟಾಗಿದೆ. ಜಾಗ ಮುಗಿದು, ಕಾರ್ಡನ್ನು ಅಡ್ಡ ತಿರುಗಿಸಿ ಅಂಚಿನಲ್ಲಿ ಒಂದು ಸಾಲು: 'ಕೆಂಪಿ ಕರು ಹಾಕಿತೇ?'

ಈ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ.

ಕೆಲವು ಕಾರ್ಡುಗಳ ನಾಲ್ಕೂ ಮೂಲೆಗೆ ಅರಸಿನ ಹಚ್ಚಿದ್ದು ಉಂಟು. ಮದುವೆ, ಉಪನಯನದ್ದು. ಸಾವಿನ ಸುದ್ದಿ ಮಾತ್ರ ಒಂದೂ ಇಲ್ಲ. ದೊಡ್ಡಮ್ಮನ ಹತ್ತಿರ ಕೇಳಿದೆ. "ಅದನ್ನೆಲ್ಲ ಯಾರು ಒಳಗೆ ಇಟ್ಕೊಳ್ತಾರೆ ಮಗಾ? ಓದಿ, ಅಲ್ಲೇ ಹರಿದು ಹಾಕಿ, ಸ್ನಾನಕ್ಕೆ ಹೋಗುದು" ಅಂದರು. ಅಷ್ಟು ವರ್ಷದ ಕಾಗದ, ಯಾರೂ ಸಾಯದ ತಂತಿ.

ನನ್ನಿಂದ ಒಂದು ತಪ್ಪಾಗಿದೆ, ಹೇಳಿಬಿಡ್ತೇನೆ. ಮೊದಲನೇ ತಂತಿಯ ಕಾರ್ಡುಗಳನ್ನು ಆಸೆಗೆ ಬಿದ್ದು ಒಂದೇ ಸಲ ಎಳೆದು ತೆಗೆದೆ. ತಂತಿಯಲ್ಲಿ ಮೊದಲು ಬಂದದ್ದು ಅಡಿಗೆ, ಮತ್ತೆ ಬಂದದ್ದು ಮೇಲೆ. ಅಂಚೆ ಮುದ್ರೆ ಮಾಸಿದ ಕಾರ್ಡಿಗೆ ಆ ಸಾಲೇ ತಾರೀಕು. ಕೆಂಪಿ ಕರು ಹಾಕಿತೋ ಇಲ್ಲವೋ ಅನ್ನುವುದು ಅದರ ಮೇಲಿನ ಕಾರ್ಡುಗಳಲ್ಲಿ ಇತ್ತೋ ಏನೋ, ಈಗ ರಾಶಿಯಲ್ಲಿ ಕಲೆತುಹೋಗಿದೆ.

ಎರಡನೇ ತಂತಿ ಇಲ್ಲಿದೆ ನೋಡಿ, ಇನ್ನೂ ಮುಟ್ಟಿಲ್ಲ. ಇವತ್ತು ಹೊರಗೆ ಬಿಸಿಲುಂಟು, ಗಾಳಿ ಒಣಗಿದೆ. ಗೋಂದು ಬೇಡ, ಲ್ಯಾಮಿನೇಷನ್ ಬೇಡವೇ ಬೇಡ. ಒಂದೊಂದು ಕಾರ್ಡಿಗೂ ಒಂದೊಂದು ತೊಟ್ಟೆ, ತೊಟ್ಟೆಯ ಮೇಲೆ ನಂಬರು. ಮೇಲಿನದ್ದನ್ನು ಮೊದಲು ತೆಗೀತೇನೆ, ನಿಧಾನಕ್ಕೆ.